ಅಪ್‌ಡೇಟ್: ಚಹಾ ಬಣ್ಣದ ನೀರು ಕೊನೆಗೂ ತಿಳಿಯಾಯಿತು

ಡ್ರಿಫ್ಟ್‌ವುಡ್ (ಅಲಂಕಾರದ ಮರದ ತುಂಡು) ಇಟ್ಟ 60 ಲೀಟರ್ ಮೀನಿನ ಟ್ಯಾಂಕಿನ ಹಳದಿ ನೀರು, ಫಿಲ್ಟರಿಗೆ ಕಾರ್ಬನ್ (ಬಣ್ಣ ಹೀರುವ ಸಕ್ರಿಯ ಇದ್ದಿಲು) ಹಾಕಿದರೂ ತಿಳಿಯಾಗುತ್ತಿಲ್ಲ ಅಂತ ಹಿಂದೆ ಇಲ್ಲಿ ಕೇಳಿದ್ದೆ. ತಪ್ಪು ಇದ್ದದ್ದು ಫಿಲ್ಟರಿನ ಜೋಡಣೆಯಲ್ಲಿ. ನೀರಿನ ದಾರಿಯಲ್ಲಿ ಕಾರ್ಬನ್ ಮೊದಲು, ಸ್ಪಂಜು ಆಮೇಲೆ ಇತ್ತು. ಕಸವೆಲ್ಲ ಕರಿ ಕಾಳುಗಳ ಮೇಲೆ ಲೋಳೆಯಾಗಿ ಕೂತು ಸಣ್ಣ ರಂಧ್ರಗಳನ್ನು ಮುಚ್ಚಿಬಿಟ್ಟಿತ್ತು.

ಈಗ ಸ್ಪಂಜು ಮುಂದೆ. ಹೊಸ ಕಾರ್ಬನ್ 60 ಗ್ರಾಂ, ಜಾಲರಿ ಚೀಲದಲ್ಲಿ, ಕಪ್ಪು ನೀರು ನಿಲ್ಲುವವರೆಗೆ ನಲ್ಲಿ ಕೆಳಗೆ ತೊಳೆದು ಹಾಕಿದ್ದು. ಚೀಲ ಚಪ್ಪಟೆಯಾಗಿ ಮಲಗಬೇಕು. ಮುದ್ದೆ ಮಾಡಿ ತುರುಕಿದರೆ ನೀರು ಪಕ್ಕದಿಂದ ಜಾರಿಕೊಳ್ಳುತ್ತದೆ. ಮೂರೇ ದಿನಕ್ಕೆ ಬಣ್ಣ ಇಳಿಯಿತು.

ಮರ ಟ್ಯಾನಿನ್ (ನೀರಿಗೆ ಚಹಾ ಬಣ್ಣ ಕೊಡುವ ವಸ್ತು) ಬಿಡುತ್ತಲೇ ಇರುವುದರಿಂದ 3–4 ವಾರಕ್ಕೊಮ್ಮೆ ಕಾರ್ಬನ್ ಬದಲಿಸಲೇಬೇಕು. ಕುದಿಸಿ ಮತ್ತೆ ಬಳಸುವ ಉಪಾಯ ನಡೆಯಲ್ಲ. ಮೀನಿನ ತ್ಯಾಜ್ಯದಿಂದ ಸೇರುವ ಅಮೋನಿಯಾ, ನೈಟ್ರೇಟ್ ಕಾರ್ಬನ್‌ನಿಂದ ಹೋಗಲ್ಲ, ವಾರದ ನೀರು ಬದಲಾವಣೆ ತಪ್ಪಿದ್ದಲ್ಲ. ಮೀನಿಗೆ ಔಷಧಿ ಹಾಕುವ ದಿನಗಳಲ್ಲಿ ಚೀಲ ಹೊರಗಿರಲಿ, ಇಲ್ಲದಿದ್ದರೆ ಔಷಧಿಯನ್ನೂ ಅದೇ ಹೀರಿಬಿಡುತ್ತದೆ.