ರೋಮ್‌ನಲ್ಲಿ ಮೂರು ದಿನ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ: ಗೊತ್ತಿರುವವರು ತಿಳಿಸಿ

ಪ್ರಶ್ನೆ: ಮೇ ಕೊನೆಯ ವಾರ ಮಂಗಳವಾರ, ಬುಧವಾರ, ಗುರುವಾರ ರೋಮ್‌ನಲ್ಲಿರುತ್ತೇವೆ. ಜೊತೆಗೆ ಅಪ್ಪ, ಮಂಡಿನೋವಿರುವ ಅಮ್ಮ, ಹತ್ತು ವರ್ಷದ ಮಗಳು. ಕೊಲೋಸಿಯಂ, ವ್ಯಾಟಿಕನ್, ಹಳೆಯ ರೋಮನ್ ಗುಡಿ ಪ್ಯಾಂಥಿಯನ್ ನೋಡಲೇಬೇಕು. ಎಲ್ಲರೂ ಸಸ್ಯಾಹಾರಿಗಳು. ಟಿಕೆಟ್ ಯಾವಾಗ ಮಾಡಿಸಬೇಕು, ಯಾವ ದಿನ ಯಾವುದು?

ಉತ್ತರ: ಮೊದಲು ಹೆಸರಿನ ವಿಷಯ. ಕೊಲೋಸಿಯಂ ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರೂ ಇರುತ್ತದೆ, ಅದು ಗುರುತಿನ ಚೀಟಿಗೆ ತಾಳೆಯಾಗಬೇಕು. ನಮ್ಮ ಹಿರಿಯರಿಗೆ ತೊಡಕಾಗುವುದೇ ಇಲ್ಲಿ: ಬೇರೆಲ್ಲ ಕಡೆ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಊರು, ತಂದೆಯ ಹೆಸರು ಎಲ್ಲ ಬರೆದಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ತುಂಬಿ, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಅಧಿಕೃತ ತಾಣದಲ್ಲಿ 30 ದಿನ ಮುಂಚೆ ಟಿಕೆಟ್ ಬಿಡುತ್ತಾರೆ. ಸಾಮಾನ್ಯ ಟಿಕೆಟ್ 18 ಯೂರೊ, 24 ಗಂಟೆ ನಡೆಯುತ್ತದೆ. ಪಕ್ಕದ ಫೋರಮ್ (ಪ್ರಾಚೀನ ರೋಮ್‌ನ ಮುಖ್ಯ ಚೌಕದ ಅವಶೇಷಗಳು) ಮತ್ತು ಪ್ಯಾಲಟೈನ್ ಗುಡ್ಡ ಅದರಲ್ಲೇ ಸೇರಿದೆ. ಕೊಲೋಸಿಯಂನ ನೆಲಮಾಳಿಗೆ ಅಥವಾ ಅರೀನಾ (ಕಾದಾಟ ನಡೆಯುತ್ತಿದ್ದ ಅಂಗಳ) ಸೇರಿದ ಟಿಕೆಟ್ 24 ಯೂರೊ, ಎಲ್ಲಕ್ಕಿಂತ ಮೊದಲು ಖಾಲಿಯಾಗುವುದೂ ಅದೇ. 18 ವರ್ಷದೊಳಗಿನವರಿಗೆ ಉಚಿತ, ಆದರೆ ಮಗಳ ಹೆಸರಿಗೂ ಟಿಕೆಟ್ ತೆಗೆಯಬೇಕು. ಹಿರಿಯ ನಾಗರಿಕರ ರಿಯಾಯಿತಿ ನಮ್ಮವರಿಗೆ ಸಿಗುವುದಿಲ್ಲ. ರಸ್ತೆಯಲ್ಲಿ ‘ಕ್ಯೂ ಇಲ್ಲದೆ ಒಳಗೆ ಬಿಡಿಸುತ್ತೇವೆ’ ಎನ್ನುವವರನ್ನು ನಂಬಬೇಡಿ. ತಪ್ಪುವುದು ಟಿಕೆಟ್ ಕ್ಯೂ ಮಾತ್ರ. ಭದ್ರತಾ ತಪಾಸಣೆಯ ಸಾಲು ಯಾರಿಗೂ ತಪ್ಪದು. ನಮೂದಿಸಿದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಅಲ್ಲಿರಿ. ದೊಡ್ಡ ಬ್ಯಾಗಿಗೆ ಪ್ರವೇಶವಿಲ್ಲ, ಇಟ್ಟುಕೊಳ್ಳುವ ಕೌಂಟರೂ ಇಲ್ಲ.

ಮತ್ತೊಬ್ಬರು: ಬುಧವಾರ ಬೆಳಿಗ್ಗೆ ವ್ಯಾಟಿಕನ್ ಕಡೆ ತಲೆ ಹಾಕಬೇಡಿ. ಪೋಪ್ ದರ್ಶನಕ್ಕೆ ಚೌಕವೆಲ್ಲ ತುಂಬಿರುತ್ತದೆ, ಅಲ್ಲಿನ ದೊಡ್ಡ ಚರ್ಚ್ ಸೇಂಟ್ ಪೀಟರ್ಸ್ ಬೆಸಿಲಿಕಾ ಮಧ್ಯಾಹ್ನದವರೆಗೆ ಮುಚ್ಚಿರುತ್ತದೆ. ಮಂಗಳವಾರ ಸಂಜೆ ಪ್ಯಾಂಥಿಯನ್, ಬುಧವಾರ ಬೆಳಗಿನ ಮೊದಲ ಸರದಿಗೆ ಕೊಲೋಸಿಯಂ, ಗುರುವಾರ ವ್ಯಾಟಿಕನ್ ಇಟ್ಟುಕೊಳ್ಳಿ.

ಗುರುವಾರ ಏಳು ಗಂಟೆಗೆ ಬೆಸಿಲಿಕಾ ತೆರೆಯುವ ಹೊತ್ತಿಗೇ ಹೋದರೆ ಸಾಲು ಚಿಕ್ಕದು, ಪ್ರವೇಶವೂ ಉಚಿತ. ವ್ಯಾಟಿಕನ್ ಮ್ಯೂಸಿಯಂಗೆ ಒಂಬತ್ತೂವರೆ ಸುಮಾರಿನ ಟಿಕೆಟ್ ತೆಗೆಯಿರಿ. ಅದರ ಬಾಗಿಲು ಗೋಡೆ ಸುತ್ತಿ ಆಚೆ ಕಡೆ ಇದೆ, ಹದಿನೈದು ನಿಮಿಷದ ನಡಿಗೆ. ಅಮ್ಮನಿಗೆ ಇನ್ನೂ ಹತ್ತು ನಿಮಿಷ ಸೇರಿಸಿ. ಮ್ಯೂಸಿಯಂ ಒಳಗಿನ ಸಿಸ್ಟೀನ್ ಚಾಪೆಲ್‌ನಿಂದ ನೇರವಾಗಿ ಬೆಸಿಲಿಕಾಕ್ಕೆ ಇಳಿಯುವ ಬಾಗಿಲೊಂದಿದೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದು ಗೈಡ್ ಜೊತೆ ಬಂದ ಗುಂಪುಗಳಿಗೆ. ಅದನ್ನು ನಂಬಿ ದಿನದ ಲೆಕ್ಕ ಹಾಕಬೇಡಿ. ಭುಜ, ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರ್‌ಗೆ ತೊಂದರೆಯಿಲ್ಲ, ತಡೆಯುವುದು ಚಡ್ಡಿ ಹಾಕಿದ ಗಂಡಸರನ್ನು. ಚಾಪೆಲ್ ಒಳಗೆ ಫೋಟೊ ತೆಗೆಯುವಂತಿಲ್ಲ. ಬೆಸಿಲಿಕಾದ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಇದೆ, ಅದು ಇಳಿಸಿದ ಮೇಲೂ 320 ಹತ್ತಬೇಕು. ಅಮ್ಮನಿಗೆ ಬೇಡವೇ ಬೇಡ.

ಇನ್ನೊಬ್ಬರು: ಮೇಲಿನವರು ಫೋರಮ್ ವಿಷಯ ಬಿಟ್ಟರು, ಮಂಡಿಗೆ ನಿಜವಾದ ಪರೀಕ್ಷೆ ಅಲ್ಲಿದೆ. ರೋಮನ್ನರ ಕಾಲದ ಕಪ್ಪು ಕಲ್ಲಿನ ಹಾಸು ಏರುಪೇರು, ನೆರಳು ಕಡಿಮೆ, ಪ್ಯಾಲಟೈನ್ ಏರು. ಫೋರಮ್, ಪ್ಯಾಲಟೈನ್ ಎರಡಕ್ಕೂ ಸೇರಿ ಪ್ರವೇಶ ಒಂದೇ ಸಲ, ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ. ಅಮ್ಮನಿಗೆ ಕಷ್ಟವೆನಿಸಿದರೆ ಕ್ಯಾಪಿಟೊಲೈನ್ ಗುಡ್ಡಕ್ಕೆ ಟ್ಯಾಕ್ಸಿಯಲ್ಲಿ ಹೋಗಿ, ಪುರಭವನದ ಹಿಂದಿನ ಕಟ್ಟೆಯಿಂದ ಇಡೀ ಫೋರಮ್ ಪುಕ್ಕಟೆ ಕಾಣುತ್ತದೆ. ಬಿಸಿಲೇರಿದ ಮೇಲೆ ಕೊಲೋಸಿಯಂ ಹತ್ತಿರದ ಸ್ಯಾನ್ ಕ್ಲೆಮೆಂಟೆ ಚರ್ಚ್ ಒಳ್ಳೆಯ ಆಯ್ಕೆ: ಮೇಲೆ 12ನೇ ಶತಮಾನದ ಚರ್ಚ್, ಕೆಳಗೆ 4ನೇ ಶತಮಾನದ್ದು, ಅದರ ಕೆಳಗೆ ರೋಮನ್ ಕಟ್ಟಡ, ಅಲ್ಲೊಂದು ಮಿತ್ರಾಸ್ ಎಂಬ ದೇವರ ಗುಡಿ. ಕೆಳಗೆ ತಂಪು, ಆದರೆ ಮೆಟ್ಟಿಲಿದೆ. ಸಣ್ಣ ಚರ್ಚುಗಳು ಮಧ್ಯಾಹ್ನ ಮುಚ್ಚುತ್ತವೆ, ಸಮಯ ನೋಡಿಕೊಂಡು ಹೋಗಿ.

ಪ್ಯಾಂಥಿಯನ್‌ಗೆ 5 ಯೂರೊ. ಗುಮ್ಮಟದ ಅಗಲವೂ ನೆಲದಿಂದ ತುದಿಗಿರುವ ಎತ್ತರವೂ ಒಂದೇ, ಸುಮಾರು 43 ಮೀಟರ್. ನೆತ್ತಿಯ ತೂತಿನಿಂದ ಮಳೆ ಒಳಗೇ ಬೀಳುತ್ತದೆ, ನೀರು ಇಳಿಯಲು ನೆಲದಲ್ಲಿ ಸಣ್ಣ ರಂಧ್ರಗಳಿವೆ. ಮಗಳಿಗೆ ಅದನ್ನು ಹುಡುಕಲು ಹೇಳಿ.

ಊಟದ ಬಗ್ಗೆ: ‘ಸಪ್ಲಿ’ ಎಂಬ ಅನ್ನದ ಉಂಡೆಯಲ್ಲಿ ಸಾಮಾನ್ಯವಾಗಿ ಮಾಂಸದ ಸಾಸ್ ಇರುತ್ತದೆ, ಕಾರ್ಬೊನಾರಾ, ಅಮಾತ್ರಿಚಾನಾ ಪಾಸ್ತಾಗಳಲ್ಲಿ ಹಂದಿಮಾಂಸ. ಮರಿನಾರಾ ಪಿಜ್ಜಾ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ, ಚೀಸ್ ಕೂಡ ಇಲ್ಲ. ಪೆಕೊರಿನೊ ಚೀಸ್‌ಗೆ ಪ್ರಾಣಿಜನ್ಯ ರೆನೆಟ್ (ಹಾಲು ಗಟ್ಟಿಯಾಗಿಸಲು ಮರಿಗಳ ಹೊಟ್ಟೆಯಿಂದ ತೆಗೆಯುವ ಪದಾರ್ಥ) ಬಳಸುತ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದರೆ ಮಾಂಸವೂ ಮೀನೂ ಬೇಡ ಎಂದು.

ನೀರು ಕೊಳ್ಳಬೇಡಿ. ಬೀದಿಯ ಕಬ್ಬಿಣದ ನಲ್ಲಿಗಳಲ್ಲಿ ಸದಾ ಕುಡಿಯುವ ನೀರು ಬರುತ್ತದೆ. ಕೊಳವೆಯ ಬಾಯಿ ಬೆರಳಲ್ಲಿ ಒತ್ತಿದರೆ ಮೇಲಿನ ತೂತಿನಿಂದ ಕಾರಂಜಿ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಮಾತ್ರ ಸುಸ್ತಾಯಿತೆಂದು ಕೂರಬೇಡಿ, ದಂಡ ಹಾಕುತ್ತಾರೆ. 64ನೇ ನಂಬರ್ ಬಸ್ಸಿನಲ್ಲಿ ಜೇಬುಗಳ್ಳರ ಕಾಟ, ಅಪ್ಪನ ಪಾಸ್‌ಪೋರ್ಟ್ ಹಿಂದಿನ ಜೇಬಿನಲ್ಲಿ ಬೇಡ.