100 ಟಿಇವಿ ದಾಟಿದ್ದೆಲ್ಲ ಹೊರಗಿನದಾ? ನಮ್ಮ ಎಂಎಸ್ಸಿ ಗುಂಪಿನ ಜಗಳ

(ನ್ಯೂಟ್ರಿನೊ ಅಂದರೆ ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಸೂಕ್ಷ್ಮ ಕಣ. ಟಿಇವಿ ಕಣದ ಶಕ್ತಿಯ ಅಳತೆ: ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್. ಹೊರಗಿನದು ಅಂದರೆ ಬಾಹ್ಯಾಕಾಶದಿಂದ ನೇರ ಬಂದ ನ್ಯೂಟ್ರಿನೊ.)

ಗಿರೀಶ: ಈ ಪೋಸ್ಟರ್ ನೋಡಿ. "ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ 100 ಟಿಇವಿ ದಾಟುವುದಿಲ್ಲ. ದಾಟಿದ್ದೆಲ್ಲ ದೂರದ ಗ್ಯಾಲಕ್ಸಿಗಳದ್ದು." ನಾಳೆ ಪಿಯು ಮಕ್ಕಳಿಗೆ ತೋರಿಸುತ್ತೇನೆ.

ಶೈಲಾ: ತೋರಿಸಬೇಡ ಗಿರೀಶ. ಮೊದಲ ವಾಕ್ಯವೇ ತಪ್ಪು.

ಗಿರೀಶ: ಯಾಕೆ? ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ಪಯಾನ್, ಕೇಯಾನ್ ಕಣಗಳು ಒಡೆದರೆ ತಾನೇ ನ್ಯೂಟ್ರಿನೊ? ಅಷ್ಟು ಶಕ್ತಿ ಇದ್ದರೆ ಅವು ಒಡೆಯುವ ಮೊದಲೇ ಗಾಳಿಯ ನ್ಯೂಕ್ಲಿಯಸ್ಸಿಗೆ ಗುದ್ದುತ್ತವೆ. ನಾವೇ ಓದಿದ್ದು ಅಲ್ವಾ?

ಶೈಲಾ: ಗುದ್ದುತ್ತವೆ, ಸರಿ. ಅದರಿಂದ ನ್ಯೂಟ್ರಿನೊ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಮೇಲಾಗಿ ಚಾರ್ಮ್ ಕ್ವಾರ್ಕ್ ಅನ್ನುವ ಭಾರದ ಮೂಲಕಣವನ್ನು ಎಲ್ಲಿ ಬಿಟ್ಟೆ? ಪಯಾನ್ ಆಯಸ್ಸು 26 ನ್ಯಾನೊಸೆಕೆಂಡ್. ಚಾರ್ಮ್ ಹೊತ್ತ ಡಿ ಮೆಸಾನ್ ಕಣದ್ದು 1 ಪಿಕೊಸೆಕೆಂಡ್ ಆಸುಪಾಸು. ಗುದ್ದುವುದಕ್ಕೆ ಪುರುಸೊತ್ತೇ ಇಲ್ಲ, ಹುಟ್ಟಿದಲ್ಲೇ ಒಡೆಯುತ್ತದೆ. ಶಕ್ತಿ 10 ಪಟ್ಟು ಏರಿದರೆ ಪಯಾನ್ ಕಡೆಯ ನ್ಯೂಟ್ರಿನೊ ಸುಮಾರು 5,000 ಪಟ್ಟು ಇಳಿಯುತ್ತದೆ. ಚಾರ್ಮ್ ಕಡೆಯದು 500 ಪಟ್ಟು ಮಾತ್ರ. ಮೇಲೆ ಹೋದಷ್ಟೂ ಇದರ ಪಾಲೇ ಜಾಸ್ತಿ.

ರಫೀಕ್: ಚಾರ್ಮಿನ ನ್ಯೂಟ್ರಿನೊ ಕಂಡವರು ಯಾರು? ದಕ್ಷಿಣ ಧ್ರುವದ ಹಿಮದಲ್ಲಿ ಹೂತ ನ್ಯೂಟ್ರಿನೊ ಪತ್ತೆಯಂತ್ರ ಐಸ್‌ಕ್ಯೂಬ್ ಇದಕ್ಕಿಂತ ಜಾಸ್ತಿ ಇರಲಾರದು ಅಂತ ಮಿತಿ ಹಾಕಿದೆ, ಅಷ್ಟೇ. ಕಾಣದ್ದಕ್ಕೆ ಇಷ್ಟು ಹಟ ಯಾಕೆ?

ಶೈಲಾ: ಕಾಣದ್ದಕ್ಕೇ ಲೆಕ್ಕ ಗಟ್ಟಿಯಿರಬೇಕು ರಫೀಕ್. ಅದನ್ನು ಕಳೆಯದೆ ಉಳಿದದ್ದು ಹೊರಗಿನದು ಅನ್ನುವುದು ಹೇಗೆ? 2008ರಲ್ಲಿ ಎನ್‌ಬರ್ಗ್, ರೆನೊ, ಸಾರ್ಚೆವಿಚ್ ಅನ್ನುವ ಭೌತವಿಜ್ಞಾನಿಗಳು ಮಾಡಿದ ಚಾರ್ಮ್ ಲೆಕ್ಕವನ್ನೇ ಐಸ್‌ಕ್ಯೂಬ್ ವರ್ಷಗಟ್ಟಲೆ ಬಳಸಿತು. ಕಷ್ಟ ಇರುವುದು ಗ್ಲುವಾನಿನಲ್ಲಿ, ಅಂದರೆ ಕ್ವಾರ್ಕುಗಳನ್ನು ಅಂಟಿಸಿ ಹಿಡಿಯುವ ಕಣದಲ್ಲಿ. ಚಾರ್ಮ್ ಹುಟ್ಟುವುದು ಹೆಚ್ಚಾಗಿ ಅವುಗಳ ಡಿಕ್ಕಿಯಿಂದ. ಪ್ರೋಟಾನಿನ ಶಕ್ತಿಯಲ್ಲಿ ಹತ್ತು ಲಕ್ಷಕ್ಕೊಂದು ಪಾಲು ಹೊತ್ತ ಗ್ಲುವಾನ್ ಎಷ್ಟಿವೆ ಅಂತ ಗೊತ್ತಿರಬೇಕು. ಅಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಎಲ್‌ಎಚ್‌ಸಿಬಿ ಪ್ರಯೋಗ ಕೈ ಹಿಡಿಯಿತು. ಎಲ್‌ಎಚ್‌ಸಿಯ 13 ಟಿಇವಿ ಡಿಕ್ಕಿ ಅಂದರೆ ನಿಂತ ಪ್ರೋಟಾನಿಗೆ ಸುಮಾರು 90 ಪಿಇವಿಯ (1 ಪಿಇವಿ ಅಂದರೆ 1,000 ಟಿಇವಿ) ಕಾಸ್ಮಿಕ್ ಕಿರಣ ಬಡಿದಷ್ಟು. ಆ ಚಾರ್ಮ್ ಅಳತೆಗಳನ್ನು ಸೇರಿಸಿಕೊಂಡ ಹೊಸ ಲೆಕ್ಕಗಳು 2008ರದ್ದಕ್ಕಿಂತ ಕಡಿಮೆ ಕೊಡುತ್ತವೆ. ನನಗೆ ತುಂಬಾ ಇಷ್ಟವಾದ ಕೆಲಸ ಇದು.

ರಫೀಕ್: 1965ರಲ್ಲಿ ನಮ್ಮ ಕೋಲಾರದ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ ಸಿಕ್ಕಿದ್ದು ವಾತಾವರಣದ ನ್ಯೂಟ್ರಿನೊನೇ. ಆಗ ಅದಕ್ಕೇ ಅಷ್ಟು ಹುಡುಕಾಟ. ಈಗ ಅದು ಅಡ್ಡಿ!

ಗಿರೀಶ: ಹಾಗಾದ್ರೆ 2013ರಲ್ಲಿ ಐಸ್‌ಕ್ಯೂಬ್ ತೋರಿಸಿದ 28 ಘಟನೆಗಳೂ ಚಾರ್ಮಿನವು ಅನ್ನುತ್ತೀಯಾ?

ಶೈಲಾ: ಖಂಡಿತ ಇಲ್ಲ. ದಕ್ಷಿಣ ಧ್ರುವದಲ್ಲಿ ನೆತ್ತಿಯ ಮೇಲಿನ ಗಾಳಿಯಲ್ಲಿ ಅಷ್ಟು ಶಕ್ತಿಯ ನ್ಯೂಟ್ರಿನೊ ಹುಟ್ಟಿದರೆ, ಸಾಮಾನ್ಯವಾಗಿ ಜೊತೆಗೆ ಹುಟ್ಟಿದ ಮ್ಯೂಯಾನೂ (ಎಲೆಕ್ಟ್ರಾನಿನಂಥದ್ದೇ, ಭಾರ ಜಾಸ್ತಿ ಇರುವ ಕಣ) ಹಿಮದೊಳಗೆ ಇಳಿಯುತ್ತದೆ. ಹೊರ ಪದರದ ಸೆನ್ಸರಿಗೆ ಅದು ಕಂಡರೆ ಆ ಘಟನೆಯನ್ನು ಕೈಬಿಡುತ್ತಾರೆ. ಎಲ್ಲ ಚಾರ್ಮಿನದೇ ಆಗಿದ್ದರೆ ಮೇಲಿನಿಂದ ಬಂದವು ಕಡಿಮೆ ಉಳಿಯಬೇಕಿತ್ತು. ಉಳಿದವುಗಳಲ್ಲಿ ಅವೇ ಜಾಸ್ತಿ. ಹೊರಗಿನದು ಇದೆ ಅನ್ನುವುದರಲ್ಲಿ ಅನುಮಾನವಿಲ್ಲ. "ದಾಟಿದ್ದೆಲ್ಲ" ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ಗಿರೀಶ: 2017ರ ಬ್ಲೇಜಾರ್ ನ್ಯೂಟ್ರಿನೊ? ನಮ್ಮತ್ತ ಕಣಗಳ ಚಿಲುಮೆ ಚಿಮ್ಮಿಸುವ ಗ್ಯಾಲಕ್ಸಿಯ ದಿಕ್ಕಿನಿಂದ ಬಂದದ್ದು. ಅದು 290 ಟಿಇವಿ.

ಶೈಲಾ: ಅದನ್ನೇ ನೋಡು. ಶಕ್ತಿ, ದಿಕ್ಕು ಮಾತ್ರ ಇಟ್ಟುಕೊಂಡು, ಅದು ಹೊರಗಿನದಾಗಿರುವ ಸಾಧ್ಯತೆ ಅಂತ ಐಸ್‌ಕ್ಯೂಬೇ ಕೊಟ್ಟ ಸಂಖ್ಯೆ 56.5%. ದಿಗಂತಕ್ಕಿಂತ ತುಸು ಕೆಳಗಿನಿಂದ ಬಂದದ್ದು, ಜೊತೆಯ ಮ್ಯೂಯಾನ್ ಇದ್ದರೂ ನೆಲದಲ್ಲೇ ನಿಂತುಹೋಗುತ್ತದೆ, ಹಾಗಾಗಿ ಮ್ಯೂಯಾನ್ ಉಪಾಯ ಅಲ್ಲಿ ನಡೆಯುವುದಿಲ್ಲ. ಅದೇ ದಿಕ್ಕಿನಲ್ಲಿ ಬ್ಲೇಜಾರ್ ಆಗ ಪ್ರಖರವಾಗಿತ್ತು, ಅದಕ್ಕೇ ನಂಬಿಕೆ ಹೆಚ್ಚಿತು. ಬರೀ 100 ಟಿಇವಿ ದಾಟಿತು ಅಂತಲ್ಲ.