ವಿಮಾನಕ್ಕೆ ಬುತ್ತಿ ಕಟ್ಟಿಕೊಂಡು ಹೋದವರು ಅನುಭವ ಹೇಳ್ತೀರಾ?

ಬಾಗಲಕೋಟೆ, ನವನಗರ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಆರು ಜನ ಬೆಳಗಾವಿಯಿಂದ ದೆಹಲಿಗೆ ವಿಮಾನದಲ್ಲಿ ಹೋಗುತ್ತಿದ್ದೇವೆ. ಅಲ್ಲಿಂದ ಹರಿದ್ವಾರ. ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಅತ್ತೆ ಮಾವ ಇದುವರೆಗೆ ವಿಮಾನ ಹತ್ತಿದವರಲ್ಲ. ಟಿಕೆಟ್‌ನಲ್ಲಿ ಊಟ ಸೇರಿಲ್ಲ. ಹೋಗುವಾಗ, ಬರುವಾಗ ಆರು ಜನರ ತಿಂಡಿ ಚಹಾದ ಲೆಕ್ಕ ಹಾಕಿದರೆ ನಾಲ್ಕೈದು ಸಾವಿರ ದಾಟುತ್ತದೆ. ಅತ್ತೆ "ಬುತ್ತಿ ಕಟ್ಟಿಕೊಂಡ ಹೋಗೋಣ" ಅನ್ನುತ್ತಾರೆ. ನಮ್ಮ ಮನೆಯವರಿಗೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅನುಮಾನ, ಜೊತೆಗೆ ಸಂಕೋಚ. ಮಾವನಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲೇಬೇಕು. ಒಯ್ದವರು ಏನು ಒಯ್ದಿರಿ, ಏನು ಬೇಡ ಅಂದರು, ಸ್ವಲ್ಪ ಬಿಡಿಸಿ ಹೇಳಿ.

ವಿಜಯಪುರ

ಧಾರಾಳವಾಗಿ ಒಯ್ಯಿರಿ. ನಾನು ಹತ್ತು ಹನ್ನೆರಡು ಸಲ ಒಯ್ದಿದ್ದೇನೆ. ಚಪಾತಿ, ದಪಾಟಿ, ಅವಲಕ್ಕಿ, ಉಂಡಿ, ಇಂಥ ಒಣ ಪದಾರ್ಥಕ್ಕೆ ಯಾರೂ ತಕರಾರು ಮಾಡಿಲ್ಲ. ಒಂದೇ ಮಾತು ನೆನಪಿಡಿ: ಕೈಚೀಲದ ತೂಕ ಸಾಮಾನ್ಯವಾಗಿ 7 ಕೆ.ಜಿ. ಮಾತ್ರ. ಬುತ್ತಿಯೂ ಅದರಲ್ಲೇ ಬರುತ್ತದೆ. ಸ್ಟೀಲ್ ಡಬ್ಬಿಗಳೇ ಒಂದೂವರೆ ಕೆ.ಜಿ. ತಿಂದುಬಿಡುತ್ತವೆ.

ಬೆಳಗಾವಿ, ಶಹಾಪುರ

ತಂಗಿ, ನಿಮ್ಮ ಅತ್ತೆಯವರು ಹೇಳಿದ್ದೇ ಸರಿ. ನನ್ನ ಮಗಳು ಗುರುಗ್ರಾಮದಲ್ಲಿದ್ದಾಳೆ. ವರ್ಷಕ್ಕೆ ಎರಡು ಸಲ ಹೋಗುತ್ತೇನೆ, ಒಮ್ಮೆಯೂ ಬುತ್ತಿ ಇಲ್ಲದೆ ಮನೆ ಬಿಟ್ಟಿಲ್ಲ. ಕಲಿತದ್ದನ್ನು ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ಮೊದಲು ಹೊತ್ತಿನ ಲೆಕ್ಕ ಹಾಕಿ. ವಿಮಾನದಲ್ಲಿ ಕೂರುವುದು ಎರಡೂವರೆ ತಾಸು ಅಷ್ಟೇ. ಆದರೆ ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಸಾಂಬ್ರಾಕ್ಕೆ, ಅಂದರೆ ಬೆಳಗಾವಿ ವಿಮಾನ ನಿಲ್ದಾಣಕ್ಕೆ, ಬರಲು ಮೂರು ತಾಸು ಬೇಕು. ಎರಡು ತಾಸು ಮುಂಚೆ ಅಲ್ಲಿರಬೇಕು. ದೆಹಲಿಯಲ್ಲಿ ಇಳಿದು, ಸಾಮಾನು ತಗೊಂಡು, ಊರೊಳಗೆ ಹೋಗಿ ಸೇರಲು ಮತ್ತೆ ಎರಡು ತಾಸು. ಅಂದರೆ ಬುತ್ತಿ ವಿಮಾನಕ್ಕಲ್ಲ, ಒಂದು ಇಡೀ ಹಗಲಿಗೆ. ಇದು ತಿಳಿಯದೆ ನಾನು ಮೊದಲ ಸಲ ನಾಲ್ಕೇ ಚಪಾತಿ ಒಯ್ದಿದ್ದೆ. ಕೊನೆಗೆ ದೊಡ್ಡ ಊರಿನ ನಿಲ್ದಾಣವೊಂದರಲ್ಲಿ ನಾಲ್ಕು ಸ್ಯಾಂಡ್‌ವಿಚ್, ನಾಲ್ಕು ಚಹಾಕ್ಕೆ ಎರಡು ಸಾವಿರದ ಹತ್ತಿರ ಕೊಟ್ಟು ಬಂದೆವು. ಆ ದುಡ್ಡಿನಲ್ಲಿ ನಮ್ಮ ಮನೆಗೆ ವಾರದ ಸಂತೆ ಆಗುತ್ತದೆ.

ಆಮೇಲಿಂದ ನಾನು ಬುತ್ತಿಯನ್ನು ಮೂರು ಗಂಟು ಮಾಡುತ್ತೇನೆ.

ಒಂದು ಗಂಟು ಗಾಡಿಗೆ. ಹಸಿ ಇರುವುದು, ರಸ ಇರುವುದು, ವಾಸನೆ ಬರುವುದು ಎಲ್ಲ ಇದರಲ್ಲಿ. ಎಣ್ಣೆಗಾಯಿ, ಮೊಸರು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಚಟ್ನಿ, ಉಪ್ಪಿನಕಾಯಿ. ನಿಲ್ದಾಣಕ್ಕೆ ಬರುವ ಮುಂಚೆ ದಾರಿಯಲ್ಲಿ ಗಿಡದ ನೆರಳು ನೋಡಿ ಗಾಡಿ ನಿಲ್ಲಿಸಿ, ಎಲ್ಲರೂ ಹೊಟ್ಟೆ ತುಂಬಾ ಉಂಡುಬಿಡಿ. ಅಲ್ಲಿಗೆ ಅರ್ಧ ಚಿಂತೆ ಮುಗಿಯಿತು.

ಎರಡನೆಯದು ಕೈಯಲ್ಲಿ ಒಯ್ಯುವುದು. ಇದರಲ್ಲಿ ಒಣ ಪದಾರ್ಥ ಮಾತ್ರ. ನಾನು ಕಟ್ಟುವುದು ಶೇಂಗಾ ಹೋಳಿಗೆ, ದಪಾಟಿ, ಮಾದಲಿ, ಹುರಿದ ಶೇಂಗಾ, ಮಕ್ಕಳಿಗೆ ಹಚ್ಚಿದ ಚುರುಮುರಿ. ಶೇಂಗಾ ಹೋಳಿಗೆಗೆ ಸಮ ಯಾವುದೂ ಇಲ್ಲ. ಸೋರುವುದಿಲ್ಲ, ನಾಲ್ಕು ದಿನ ಕೆಡುವುದಿಲ್ಲ, ಒಂದು ತಿಂದರೆ ಹಸಿವು ನಿಲ್ಲುತ್ತದೆ. ಕಟಕ ರೊಟ್ಟಿ ಒಯ್ಯುವುದಾದರೆ ಹಾಗೇ ಚೀಲಕ್ಕೆ ಹಾಕಬೇಡಿ, ಪುಡಿ ಪುಡಿ ಆಗುತ್ತದೆ. ನಾನು ಬಟ್ಟೆಯಲ್ಲಿ ಸುತ್ತಿ, ಮೇಲೆ ಕೆಳಗೆ ಒಂದೊಂದು ರಟ್ಟು ಇಟ್ಟು ದಾರ ಕಟ್ಟುತ್ತೇನೆ.

ಮೂರನೆಯದು ಕೆಳಗೆ ಹಾಕುವ ದೊಡ್ಡ ಬ್ಯಾಗಿಗೆ, ಅಂದರೆ ನಿಲ್ದಾಣದ ಕೌಂಟರಿನಲ್ಲೇ ಕೊಟ್ಟುಬಿಡುವುದಕ್ಕೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮಸಾಲಿ ಖಾರ, ಉಪ್ಪಿನಕಾಯಿ, ತುಪ್ಪ ಎಲ್ಲ ಅಲ್ಲಿಗೇ ಹೋಗಲಿ. ಖಾರದ ಪುಡಿ, ಮೆಣಸಿನಕಾಯಿಯ ಉಪ್ಪಿನಕಾಯಿ ಕೈಚೀಲದಲ್ಲಿ ನಡೆಯುವುದಿಲ್ಲ. ಹಿಂಡಿ ಅಂದರೆ ಚಟ್ನಿ ಪುಡಿ, ಅದರಲ್ಲೂ ಖಾರದ ಪುಡಿ ಇರುತ್ತದೆ ಅಲ್ವಾ? ಕೆಲವು ಸಲ ಬಿಟ್ಟಿದ್ದಾರೆ, ಒಂದು ಸಲ ಬಿಡಲಿಲ್ಲ. ತಪಾಸಣೆಯವರು ಡಬ್ಬಿ ತೆರೆದು ಮೂಸಿ ನೋಡಿ "ಮಿರ್ಚಿ ಹೈ" ಅಂದರು. ದೊಡ್ಡ ಬ್ಯಾಗ್ ಆಗಲೇ ಹೋಗಿಬಿಟ್ಟಿತ್ತು. ಅರ್ಧ ಕೆ.ಜಿ. ಹಿಂಡಿ, ಅವ್ವ ಒಳಕಲ್ಲಿನಲ್ಲಿ ಕುಟ್ಟಿ ಕೊಟ್ಟದ್ದು, ಅಲ್ಲೇ ಬಿಟ್ಟು ಬಂದೆ. ಅವರ ಕೆಲಸ ಅವರು ಮಾಡಿದರು, ಆದರೂ ವಿಮಾನ ಇಳಿಯುವವರೆಗೆ ನನಗೆ ಅದೇ ಕಣ್ಣ ಮುಂದೆ ಇತ್ತು.

ಈಗ ಏನು ಮಾಡುತ್ತೇನೆ ಅಂದರೆ, ಮನೆಯಲ್ಲೇ ಹಿಂಡಿಗೆ ನಾಲ್ಕು ಹನಿ ಎಣ್ಣೆ ಹಾಕಿ ಕಲೆಸಿ ಚಪಾತಿಗೆ ಸವರಿ ಸುರುಳಿ ಸುತ್ತುತ್ತೇನೆ. ಡಬ್ಬಿಯೂ ಬೇಡ, ಚಮಚವೂ ಬೇಡ, ರುಚಿಗೆ ಕೊರತೆ ಇಲ್ಲ.

ಇನ್ನೊಂದು ವಿಷಯ. ವಿಮಾನದ ಒಳಗೆ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಆರೆಂಟು ಸಾವಿರ ಅಡಿ ಎತ್ತರದ ಗುಡ್ಡದ ಮೇಲೆ ಕೂತ ಹಾಗೆ. ಹಾಗಾಗಿ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬುತ್ತದೆ, ಗಟ್ಟಿ ಮುಚ್ಚಿದ ಡಬ್ಬಿಯಿಂದ ತೆಳ್ಳಗಿನ ಪದಾರ್ಥ ಹೊರಗೆ ಬರುತ್ತದೆ. ಮೊಸರನ್ನ ಬೇಕೇ ಬೇಕು ಅಂದರೆ ಹಾಲು ಹಾಕಿ ಗಟ್ಟಿಯಾಗಿ ಕಲೆಸಿ, ಡಬ್ಬಿ ಪೂರ್ತಿ ತುಂಬಬೇಡಿ, ತೆರೆಯುವಾಗ ಮುಚ್ಚಳ ಮೆಲ್ಲಗೆ ಸಡಿಲಿಸಿ.

ಸಂಕೋಚದ ಮಾತಿಗೆ ಬರುತ್ತೇನೆ. ಕಳೆದ ಸಲ ನಾನು ಬಟ್ಟೆ ಗಂಟು ಬಿಚ್ಚಿದಾಗ ಪಕ್ಕದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಹೋಳಿಗೆಯ ವಾಸನೆಗೆ ಒಮ್ಮೆ ತಿರುಗಿ ನೋಡಿದ. ಒಂದು ಕೊಟ್ಟೆ. ಬೇಡ ಅನ್ನುತ್ತಲೇ ತಗೊಂಡ. ತಿಂದಾದ ಮೇಲೆ ಬೆರಳಿಗೆ ಹತ್ತಿದ ಬೆಲ್ಲವನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಥೇಪ್ಲಾ ಬಿಚ್ಚಿದ್ದರು. ಗುಜರಾತಿನವರು ಎಲ್ಲಿ ಹೋದರೂ ಒಯ್ಯುತ್ತಾರೆ, ಅವರಿಗಿಲ್ಲದ ಸಂಕೋಚ ನಮಗೆ ಯಾಕೆ? ಸುಮ್ನೆ ನಿಮ್ಮ ಮನೆಯವರಿಗೆ ಇದನ್ನು ಓದಲು ಕೊಡಿ.

ಇಳಕಲ್

ಮೇಲಿನ ಅಕ್ಕಾವರು ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಕೊಬ್ಬರಿ ಬಟ್ಟಲು. ಅದು ಕೈಚೀಲದಲ್ಲೂ ಇಲ್ಲ, ಕೆಳಗಿನ ಬ್ಯಾಗಿನಲ್ಲೂ ಇಲ್ಲ. ಎಲ್ಲೂ ನಡೆಯುವುದಿಲ್ಲ.

ನನಗೆ ಇದು ಗೊತ್ತಾದದ್ದು ತವರಿನಿಂದ ಹೊರಟಾಗ. ಅವ್ವ ಉಡಿ ತುಂಬಿದ್ದಳು. ಅಕ್ಕಿ, ಅರಿಶಿನ ಕೊಂಬು, ಅಡಿಕೆ, ಉತ್ತತ್ತಿ, ಬೆಲ್ಲದ ಅಚ್ಚು, ಎರಡು ಕೊಬ್ಬರಿ ಬಟ್ಟಲು. ಇಳಕಲ್ ಸೀರೆಯ ಹಸಿರು ಖಣದಲ್ಲಿ ಗಂಟು ಕಟ್ಟಿ ದೊಡ್ಡ ಬ್ಯಾಗಿನಲ್ಲಿ ಇಟ್ಟಿದ್ದೆ. ನನ್ನ ಹೆಸರು ಕೂಗಿ ಕರೆದರು. ಬ್ಯಾಗ್ ತೆರೆಸಿ ಬಟ್ಟಲು ಎರಡನ್ನೂ ತೆಗೆಸಿದರು. ಉಳಿದದ್ದನ್ನು ಮುಟ್ಟಲಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಗೆ ತಾನಾಗೇ ಹೊತ್ತಿಕೊಳ್ಳಬಹುದು, ಅದಕ್ಕೇ ಎಂದು ಅಲ್ಲಿದ್ದ ಹುಡುಗಿ ಸಮಾಧಾನವಾಗಿ ತಿಳಿಸಿ ಹೇಳಿದಳು. ಉಡಿಯ ಕೊಬ್ಬರಿ ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. ಹೊರಗೆ ಅಣ್ಣ ಇನ್ನೂ ನಿಂತಿದ್ದ, ಓಡಿ ಹೋಗಿ ಅವನ ಕೈಗೆ ಕೊಟ್ಟು ಬಂದೆ.

ನೀವು ಹರಿದ್ವಾರಕ್ಕೆ ಹೋಗುವವರು, ಪೂಜೆ ಸಾಮಾನು ಇದ್ದೇ ಇರುತ್ತದೆ. ಕೊಬ್ಬರಿ ಬಟ್ಟಲು, ಕರ್ಪೂರ, ಬೆಂಕಿಪೊಟ್ಟಣ ಮೂರನ್ನೂ ಅಲ್ಲೇ ಕೊಂಡುಕೊಳ್ಳಿ. ಕರದಂಟಿನಲ್ಲಿ ತುರಿದು ಹಾಕಿದ ಕೊಬ್ಬರಿಗೆ ಏನೂ ಅಂದಿಲ್ಲ. ಅಮೀನಗಡದ ಕರದಂಟು ಎಷ್ಟೋ ಸಲ ಒಯ್ದಿದ್ದೇನೆ.

ವಿಜಯಪುರ, ಇಂಡಿ ರಸ್ತೆ

ದೇಶದೊಳಗಿನ ಪ್ರಯಾಣಕ್ಕೆ ಮೇಲೆ ಹೇಳಿದ್ದು ಸಾಕು. ಹೊರದೇಶಕ್ಕೆ ಹೋಗುವವರೂ ಇದನ್ನು ಓದಬಹುದು ಎಂದು ಎರಡು ಮಾತು.

ದುಬೈ, ಸೌದಿ ಕಡೆ ಹೋಗುವವರು ಗಸಗಸೆ ಒಂದು ಕಾಳೂ ಒಯ್ಯಬೇಡಿ. ಅಲ್ಲಿ ಅದು ಮಾದಕ ವಸ್ತುಗಳ ಲೆಕ್ಕಕ್ಕೆ ಬರುತ್ತದೆ, ಜೈಲಿನ ಮಾತು. ನಮ್ಮ ಕರಜಿಕಾಯಿ, ಉಂಡಿ, ಕರದಂಟಿಗೆ ಗಸಗಸೆ ಉದುರಿಸುವ ರೂಢಿ ಇದೆ. ಮನೆಯಲ್ಲಿ ಮಾಡುವವರಿಗೆ ಮೊದಲೇ ಹೇಳಿ, ಅಂಗಡಿಯಲ್ಲಿ ಕೊಳ್ಳುವಾಗ ಕೇಳಿ ತಗೊಳ್ಳಿ. ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ.

ಆಸ್ಟ್ರೇಲಿಯಾಕ್ಕೆ ಹೋದಾಗ ಇಳಿಯುವ ಮುಂಚೆ ಒಂದು ಕಾರ್ಡ್ ಕೊಟ್ಟರು. ತಿನ್ನುವ ಪದಾರ್ಥ ಇದೆಯೇ ಎಂದು ಕೇಳುತ್ತಾರೆ. ಇದ್ದರೆ ಹೌದು ಎಂದೇ ಬರೆಯಿರಿ. ಬೇಡದ್ದನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಮುಚ್ಚಿಟ್ಟರೆ ದೊಡ್ಡ ದಂಡ. ನನ್ನ ರೊಟ್ಟಿ, ಚಕ್ಕುಲಿ ಬಿಟ್ಟರು, ಪೇಡೆ ತೆಗೆದುಕೊಂಡರು.

ಜಮಖಂಡಿ

ಮಾವನವರ ಔಷಧಿ ಬಗ್ಗೆ ಯಾರೂ ಹೇಳಿಲ್ಲ. ಇನ್ಸುಲಿನ್ ಇದ್ದರೆ ಅದು ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗಿರಲಿ. ಕೆಳಗಿನ ಬ್ಯಾಗಿನಲ್ಲಿ ಹಾಕಬೇಡಿ. ಬ್ಯಾಗ್ ತಡವಾದರೆ ಕಷ್ಟ, ತಣ್ಣಗಿನ ಜಾಗದಲ್ಲಿ ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಂತೆ. ಸಕ್ಕರೆ ಇಳಿದರೆ ಇರಲಿ ಎಂದು ನಾಲ್ಕು ಪೆಪ್ಪರಮಿಂಟು ಅವರ ಜೇಬಿನಲ್ಲೇ ಇಡಿ. ನನ್ನ ತಂದೆಗೆ ನಾನು ಹಾಗೇ ಮಾಡುತ್ತೇನೆ. ಮತ್ತೆ, ವಿಮಾನ ಮೇಲೇರುವಾಗ ಮುಂದಿನ ಸೀಟಿನ ಬೆನ್ನಿಗಿರುವ ಊಟದ ಹಲಗೆ ಬಿಚ್ಚಲು ಬಿಡುವುದಿಲ್ಲ. ಊಟದ ಹೊತ್ತು ಅದಕ್ಕೇ ಸರಿಯಾಗಿ ಬಂದರೆ ಹತ್ತುವ ಮುಂಚೆಯೇ ಒಂದು ಸುರುಳಿ ಚಪಾತಿ ತಿನ್ನಿಸಿಬಿಡಿ.

ನೀರಿಗೆ ಖಾಲಿ ಬಾಟಲಿ ಒಯ್ಯಿರಿ. ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿ ಇರುತ್ತದೆ, ತುಂಬಿಕೊಳ್ಳಬಹುದು. ವಿಮಾನದಲ್ಲೂ ಕೇಳಿದರೆ ಒಂದು ಲೋಟ ನೀರು ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲ. ವಿಮಾನ ತಡವಾದರೆ ಕಾಯುವ ಹೊತ್ತಿಗೆ ತಕ್ಕಂತೆ ತಿಂಡಿ, ಊಟ ಪುಕ್ಕಟೆ ಕೊಡಬೇಕು ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮವೇ ಇದೆ. ಎರಡೂವರೆ ತಾಸಿನವರೆಗಿನ ಪ್ರಯಾಣಕ್ಕೆ ಎರಡು ತಾಸು, ಅದಕ್ಕಿಂತ ಉದ್ದ, ಐದು ತಾಸಿನವರೆಗಿನದಕ್ಕೆ ಮೂರು ತಾಸು ತಡವಾದರೆ ಇದು ಅನ್ವಯಿಸುತ್ತದೆ. ತಾವಾಗೇ ಕರೆದು ಕೊಡುತ್ತಾರೆ ಎಂದು ಕಾಯಬೇಡಿ, ಕೌಂಟರಿಗೆ ಹೋಗಿ ಕೇಳಿ.

ಚಹಾ ಬಿಟ್ಟಿರಲಾರೆವು ಅನ್ನುವವರಿಗೂ ಈಗ ಸ್ವಲ್ಪ ಅನುಕೂಲ ಆಗಿದೆ. 2024ರ ಡಿಸೆಂಬರ್‌ನಲ್ಲಿ ಕೋಲ್ಕತಾ ವಿಮಾನ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಶುರುವಾಯಿತು. ಆಗ ಅಲ್ಲಿ ಚಹಾ 10 ರೂಪಾಯಿ, ನೀರು 10, ಸಮೋಸಾ 20 ಇತ್ತು. ಆಮೇಲೆ ಚೆನ್ನೈನಲ್ಲೂ ಬಂತು. ನಮ್ಮ ಸಾಂಬ್ರಾ, ಹುಬ್ಬಳ್ಳಿಯಂಥ ನಿಲ್ದಾಣಗಳಿಗೇ ಇಂಥದ್ದು ಮೊದಲು ಬೇಕು. ಇಲ್ಲಿಂದ ಹತ್ತುವವರಲ್ಲಿ ಮೊದಲ ಸಲದವರೂ ಇರುತ್ತಾರೆ.

ಬಾಗಲಕೋಟೆ, ನವನಗರ (ಕೇಳಿದವರು)

ಹೋಗಿ ಬಂದೆವು. ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ, ಮನೆಯವರಿಗೂ ಓದಲು ಕೊಟ್ಟೆ.

ಶಹಾಪುರದ ಅಕ್ಕಾವರ ಮೂರು ಗಂಟಿನ ಲೆಕ್ಕವನ್ನೇ ಹಿಡಿದೆವು. ಯರಗಟ್ಟಿ ದಾಟಿ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಉಂಡೆವು. ಕೊಬ್ಬರಿ ಬಟ್ಟಲು ಜಗಲಿಯ ಮೇಲೇ ಉಳಿಯಿತು. ಅತ್ತೆಗೆ ಅದು ಅಷ್ಟು ಸರಿ ಕಾಣಲಿಲ್ಲ, ಆದರೆ ಇಳಕಲ್ಲಿನ ಅಕ್ಕಾವರು ಬರೆದದ್ದನ್ನು ಇನ್ನೊಮ್ಮೆ ಓದಿಸಿಕೊಂಡು ತಾವೇ ತೆಗೆದಿಟ್ಟರು.

ತಪಾಸಣೆಯಲ್ಲಿ ಒಂದೇ ಒಂದು ಸ್ಟೀಲ್ ಡಬ್ಬಿ ತೆರೆಸಿದರು, ಮಾದಲಿ ಇದ್ದದ್ದು. ಅವರಿಗೆ ಅದು ಏನು ಎಂದು ತಿಳಿಯಲಿಲ್ಲ. ಅತ್ತೆ ತಮ್ಮ ಬಾಯಿಗೆ ಒಂದು ಚಿಟಿಕೆ ಹಾಕಿಕೊಂಡು ತೋರಿಸಿ "ಗೋದಿ, ಬೆಲ್ಲ, ಪುಠಾಣಿ" ಅಂದರು. ಮುಚ್ಚಳ ಹಾಕಿ ಕೈಯಾರೆ ವಾಪಸ್ ಕೊಟ್ಟರು. ಮಾವ ಹತ್ತುವ ಮುಂಚೆ ಒಂದು ಚಪಾತಿ ಸುರುಳಿ, ಮೇಲೇರಿದ ಮೇಲೆ ಅರ್ಧ ದಪಾಟಿ ತಿಂದರು. ಸಕ್ಕರೆ ಏರುಪೇರು ಆಗಲಿಲ್ಲ. ಮಕ್ಕಳು ಕಿಟಕಿಯಲ್ಲೇ ಇದ್ದರು, ಚುರುಮುರಿ ಮನೆಯವರೇ ಖಾಲಿ ಮಾಡಿದರು.

ಬರುವಾಗ ವಿಮಾನ ಮೂರೂವರೆ ತಾಸು ತಡ. ಜಮಖಂಡಿಯವರ ಮಾತು ನೆನಪಾಗಿ ಮನೆಯವರು ಕೌಂಟರಿಗೆ ಹೋಗಿ ಕೇಳಿದರು. ಮೊದಲು ನೋಡುತ್ತೇವೆ ಅಂದರು, ಎರಡನೇ ಸಲ ಕೇಳಿದಾಗ ಆರು ಜನಕ್ಕೂ ತಿಂಡಿ ಪೊಟ್ಟಣ, ನೀರು ಕೊಟ್ಟರು. ಸುತ್ತ ಕೂತಿದ್ದವರಿಗೂ ಹೇಳಿದೆವು, ಅವರೂ ಹೋಗಿ ತಂದರು. ಒಟ್ಟು ಎರಡೂ ಕಡೆಗೆ ನಮಗೆ ಖರ್ಚಾದದ್ದು ಮಕ್ಕಳ ಒಂದು ಜ್ಯೂಸ್, ಎರಡು ಚಹಾ ಅಷ್ಟೇ.

ರಟ್ಟಿನ ನಡುವೆ ಕಟ್ಟಿದ್ದ ಕಟಕ ರೊಟ್ಟಿ ಹರಿದ್ವಾರಕ್ಕೆ ಹೋಗಿ ಬಂದರೂ ನಾಲ್ಕು ಇಡಿಯಾಗೇ ಉಳಿದಿದ್ದವು. ಸಾಂಬ್ರಾದಿಂದ ಊರಿಗೆ ಬರುವಾಗ ರಾತ್ರಿ ಗಾಡಿಯಲ್ಲಿ ಮಾವ ಅವನ್ನು ಮುರಿದು ಎಲ್ಲರಿಗೂ ಹಂಚಿದರು. ದೊಡ್ಡ ಬ್ಯಾಗಿನಿಂದ ಅಗಸಿ ಹಿಂಡಿ ತೆಗೆದೆವು.